ನಸುಕಿನ ಹೊತ್ತಿನ ನೆರೆ

ಬನದ ಹುಣ್ಣಿಮೆ ಹತ್ತಿರ ಬಂದಿತೆಂದರೆ ನಮ್ಮ ಬಾದಾಮಿ ಸೀಮೆಯಲ್ಲಿ ಚಳಿ ಬಲಿತಿತೆಂದು ಅರ್ಥ. ಪುಷ್ಯ ಮಾಸದ ಆ ಹುಣ್ಣಿಮೆಯಂದು ಬನಶಂಕರಿಯ ತೇರು ಎಳೆಯುತ್ತಾರೆ. ಅದಕ್ಕೆ ಮುನ್ನ ಪಲ್ಲೇದ ಹಬ್ಬದಲ್ಲಿ ಶಾಕಂಭರಿಯೆನಿಸಿದ ಆ ತಾಯಿಗೆ ನೂರೆಂಟು ಬಗೆಯ ಕಾಯಿಪಲ್ಲೆಗಳ ನೈವೇದ್ಯವಾಗುತ್ತದೆ. ನಸುಕಿನಲ್ಲಿ ಹರಿದ್ರಾ ತೀರ್ಥದ ದಂಡೆಯಲ್ಲಿ ನಿಂತವರ ಬಾಯಿಯಿಂದ ಮಾತಿಗಿಂತ ಮೊದಲು ಹೊಗೆಯಂಥ ಉಸಿರು ಹೊರಬರುತ್ತದೆ. ನಮ್ಮದು ನೀರು ಹೆಪ್ಪುಗಟ್ಟುವ ಚಳಿಯೇನಲ್ಲ. ಕಂಬಳಿಯನ್ನು ಇನ್ನೊಂದು ಸುತ್ತು ಸುತ್ತಿಕೊಳ್ಳಬೇಕೆನ್ನಿಸುವ, ಹೊರಗೆ ನಿಂತ ಗಾಡಿಯ ಗಾಜಿನ ಮೇಲೆ ಇಬ್ಬನಿ ಕೂಡ್ರಿಸುವ, ಎಂಜಿನ್ನಿಗೂ ಏಳಲು ಬೇಸರ ತರಿಸುವ ಚಳಿ.

ಇಂದು ನಾನು ಮಾತನಾಡಹೊರಟಿರುವುದು ಜಾತ್ರೆಯನ್ನು ಕುರಿತಲ್ಲ. ಆ ಚಳಿಯ ನಸುಕಿನಲ್ಲಿ ಮನೆಯ ಮುಂದಿನ ಗಾಡಿಯನ್ನು ನಾವು ಹೇಗೆ ಚಾಲು ಮಾಡುತ್ತೇವೆ ಎಂಬ ಅತಿ ಸಣ್ಣ ಸಂಗತಿಯನ್ನು ಕುರಿತು. ಆಕಾಶವಾಣಿಯಲ್ಲಿ ಮಾತನಾಡುವಷ್ಟು ದೊಡ್ಡ ವಿಷಯವೇ ಇದು ಎಂದು ನೀವು ಕೇಳಬಹುದು. ಬಹು ವರ್ಷ ನಾನೂ ಹಾಗೆಯೇ ತಿಳಿದಿದ್ದೆ. ತಿಳಿದದ್ದು ತಪ್ಪೆಂದು ನನಗೆ ಗೊತ್ತಾದ ಬಗೆಯನ್ನೇ ಮೊದಲು ನಿವೇದಿಸುತ್ತೇನೆ.

ನಾನು ನೌಕರಿಯಲ್ಲಿದ್ದಾಗ ನಮ್ಮ ಮನೆಯಿಂದ ಕಾಲೇಜು ದೂರವಿತ್ತು, ಬೆಳಗಿನ ತರಗತಿಗಳು. ಆರೂವರೆಗೆ ಮನೆ ಬಿಡಬೇಕು. ನನ್ನಲ್ಲಿದ್ದದ್ದು ಕೈಬದಲಾಗಿ ಬಂದ ಹಳೆಯ ಡೀಸೆಲ್ ಕಾರು. ಚಳಿಗಾಲದಲ್ಲಿ ಅದು ಒಂದೆರಡು ಬಾರಿ ಕೆಮ್ಮದೆ ಏಳುತ್ತಿರಲಿಲ್ಲ. ಎದ್ದ ಮೇಲೆ ಹತ್ತು ನಿಮಿಷ ಹಾಗೆಯೇ ಬಿಟ್ಟು, ನಡುನಡುವೆ ರೇಸು ಮಾಡಿ ಬಿಸಿ ಮಾಡಬೇಕೆಂದು ಮೊದಲು ಕಲಿಸಿದ ಮೇಸ್ತ್ರಿ ಹೇಳಿದ್ದ. ನಾನು ಗುರುವಾಕ್ಯವೆಂಬಂತೆ ಅದನ್ನು ಪಾಲಿಸಿದೆ. ಗಾಡಿಯನ್ನು ಗುರ್ರೆನ್ನಿಸಿ ಬಿಟ್ಟು ಒಳಗೆ ಬಂದು ಚಹಾ ಕುಡಿದು, ಪುಸ್ತಕ ಜೋಡಿಸಿಕೊಂಡು, ಮಫ್ಲರ್ ಸುತ್ತಿಕೊಂಡು ಹೊರಡುತ್ತಿದ್ದೆ. ಗಾಡಿ ನಿಲ್ಲುತ್ತಿದ್ದುದು ನಮ್ಮ ಮನೆಗೂ ನೆರೆಮನೆಗೂ ನಡುವಿನ ಸಂದಿಯಲ್ಲಿ. ಅದರ ಸೈಲೆನ್ಸರ್ ಯಾವ ದಿಕ್ಕಿಗೆ ಮುಖ ಮಾಡಿರುತ್ತದೆಂದು ನಾನು ಒಂದು ದಿನವೂ ನೋಡಿದವನಲ್ಲ.

ನಿವೃತ್ತಿಯಾಯಿತು, ಕಾರನ್ನು ಮಾರಿದೆ. ಮುಂದಿನ ಚಳಿಗಾಲದಲ್ಲಿ ಒಂದು ಮುಂಜಾನೆ ಅಂಗಳದಲ್ಲಿ ಎಳೆಬಿಸಿಲಿಗೆ ನಿಂತಿದ್ದಾಗ ನೆರೆಮನೆಯ ಮೂಡಣ ಕಿಟಕಿ ತೆರೆದದ್ದನ್ನು ಕಂಡೆ. ಅದರ ಹಿಂದೆ ಮಂಚದ ಮೇಲೆ, ಎಂಬತ್ತು ದಾಟಿದ ದೊಡ್ಡವ್ವ ಬೆನ್ನಿಗೆ ಬಿಸಿಲು ಕೊಟ್ಟು ಕುಳಿತಿದ್ದರು. ಎಷ್ಟೋ ವರ್ಷಗಳ ನೆರೆ ನಮ್ಮದು. ಆದರೂ ಚಳಿಗಾಲದಲ್ಲಿ ಆ ಕಿಟಕಿ ತೆರೆದದ್ದನ್ನು ನಾನು ಕಂಡ ನೆನಪಿರಲಿಲ್ಲ. ಅವರ ಸೊಸೆ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. “ದೊಡ್ಡವ್ವನ ಮಂಚ ಈ ಕಡೆ ಬಂದೈತಲ್ಲ ತಂಗೀ, ಚಲೋ ಆತು, ಬಿಸಿಲ ಬೀಳತೈತಿ” ಎಂದೆ. ಆಕೆ ಸಹಜವಾಗಿ, ಯಾವ ಕುಹಕವೂ ಇಲ್ಲದೆ ಹೇಳಿದಳು: “ಹೌದ್ರೀ ಸರ. ಅತ್ತಿಗೆ ದಮ್ಮು ಅಲ್ರೀ. ಥಂಡಿ ದಿನದಾಗ ಹೊಗಿ ಬರತಿತ್ತು, ಅದಕ್ಕ ಒಳಗಿನ ಖೋಲ್ಯಾಗ ಮಲಗಸತಿದ್ವಿ. ಈಗ ಏನ ತ್ರಾಸಿಲ್ಲ.”

ಯಾವ ಹೊಗೆಯೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. “ಮೊದಲ ಯಾಕ ಹೇಳಲಿಲ್ಲ?” ಎಂದಷ್ಟೇ ನನ್ನ ಬಾಯಿಂದ ಹೊರಟಿತು. “ಹೆಂಗ ಹೇಳೂದ್ರೀ ಸರ? ನೀವು ಹಿರೇರು, ಹೊತ್ತಿಗೆ ಸರಿಯಾಗಿ ಕಾಲೇಜಿಗೆ ಹೋಗವರು. ಹತ್ತ ಮಿನಿಟಿನ ಮಾತು ಅಂತ ಸುಮ್ಮನಿದ್ವಿ.”

ಹತ್ತು ನಿಮಿಷ ನನ್ನ ಲೆಕ್ಕ. ದೊಡ್ಡವ್ವನ ಲೆಕ್ಕದಲ್ಲಿ ಅದು ಅನೇಕ ಚಳಿಗಾಲಗಳ ಬಿಸಿಲು. ಬೆಳಕಿಲ್ಲದ ಒಳಕೋಣೆಯಲ್ಲಿ ಆ ಜೀವ ಪುಷ್ಯ ಮಾಘಗಳನ್ನು ಕಳೆಯುತ್ತಿದ್ದಾಗ ನಾನು ತರಗತಿಯಲ್ಲಿ ನಿಂತು, ಪರಹಿತವನ್ನು ಹಾಡಿ ಹೊಗಳಿದ ಕಾವ್ಯಗಳಿಗೆ ಅರ್ಥ ಹೇಳುತ್ತಿದ್ದೆ. ದೂರು ಬಾರದಿದ್ದುದನ್ನು ನಾನು ಒಪ್ಪಿಗೆ ಎಂದು ಎಣಿಸಿದ್ದೆ. ಅದು ಒಪ್ಪಿಗೆಯಲ್ಲ, ದಾಕ್ಷಿಣ್ಯ. ನಮ್ಮ ಓಣಿಗಳಲ್ಲಿ ಈ ದಾಕ್ಷಿಣ್ಯಕ್ಕೆ ಒಂದು ದಿಕ್ಕುಂಟು: ಅದು ಕಿರಿಯರಿಂದ ಹಿರಿಯರತ್ತ, ಬಡವರಿಂದ ಉಳ್ಳವರತ್ತ, ಓದದವರಿಂದ ಓದಿದವರತ್ತ ಹರಿಯುತ್ತದೆ. ಆದ್ದರಿಂದ ಯಾರಿಗೆ ಊರಿನಲ್ಲಿ ಗೌರವ ಹೆಚ್ಚೋ ಅವರ ಕಿವಿಗೆ ದೂರು ಕಡಿಮೆ ತಲಪುತ್ತದೆ. ಗೌರವ ಪಡೆದವರು ಇದನ್ನು ಮರೆಯಬಾರದು.

ಆ ದಿನದಿಂದ ನನಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿತು. ಹತ್ತು ನಿಮಿಷದ ಹೊಗೆ ಅಷ್ಟು ಬಾಧಿಸುವುದು ಹೇಗೆ? ಬೇಸಿಗೆಯಲ್ಲೂ ಅದೇ ಗಾಡಿ, ಅದೇ ಸಂದಿ. ಆಗ ಕಿಟಕಿ ತೆರೆದೇ ಇರುತ್ತಿತ್ತಲ್ಲ? ಇದಕ್ಕೆ ಉತ್ತರ ಹವಾಮಾನ ಬಲ್ಲವರಲ್ಲಿದೆ. ಹಗಲಿನಲ್ಲಿ ನೆಲ ಕಾದು, ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಹೊಗೆಯೂ ಅದರೊಡನೆ ಮೇಲೆ ಹೋಗಿ ಚದರುತ್ತದೆ. ಚಳಿಗಾಲದ ನಿರ್ಮಲವಾದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ನಸುಕಿನ ಹೊತ್ತಿಗೆ ಕೆಳಗಿನ ಗಾಳಿ ತಣ್ಣಗೆ ಭಾರವಾಗಿ ಮಲಗಿರುತ್ತದೆ, ಮೇಲಿನ ಪದರ ಅದಕ್ಕಿಂತ ಬೆಚ್ಚಗಿರುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದಂತೆ. ಆಗ ಬಿಟ್ಟ ಹೊಗೆ ಮೇಲೇರಲಾರದೆ ನೆಲದ ಮಟ್ಟದಲ್ಲಿಯೇ ಹರಡಿ ಸಂದಿಗೊಂದಿಗಳನ್ನು ಹುಡುಕುತ್ತದೆ. ಗುಡ್ಡದ ಸಾಲುಗಳ ನಡುವಿನ ತಗ್ಗುಗಳಲ್ಲಿ ಈ ಮುಚ್ಚಳ ಇನ್ನೂ ಬಿಗಿ. ಕೆಂಪು ಬಂಡೆಗಳ ಮಡಿಲಲ್ಲಿ ಕುಳಿತ ಬಾದಾಮಿಯ ಮೇಲೆ ಜನವರಿಯ ಬೆಳಗಿನಲ್ಲಿ ಒಲೆಗಳ ಹೊಗೆ ನೀಲಿ ಪರದೆಯಂತೆ ತಡೆದು ನಿಲ್ಲುವುದನ್ನು ಗುಡ್ಡ ಹತ್ತಿದವರು ನೋಡಿಯೇ ಇರುತ್ತಾರೆ.

ಸದ್ದಿನ ಮಾತೂ ಹೀಗೆಯೇ. ಹಗಲಿನಲ್ಲಿ ನಾದದ ಅಲೆಗಳು ಮೇಲ್ಮುಖವಾಗಿ ಬಾಗಿ ಆಕಾಶಕ್ಕೆ ಸಂದುಹೋಗುತ್ತವೆ. ತಣ್ಣನೆಯ ಬೆಳಗಿನಲ್ಲಿ ಅವು ಕೆಳಕ್ಕೆ ಬಾಗಿ ನೆಲದ ಗುಂಟ ದೂರ ಸಾಗುತ್ತವೆ. ಬನಶಂಕರಿಯ ಗಂಟೆ ಚಳಿಗಾಲದಲ್ಲಿ ಹತ್ತಿರ ಬಂದಂತೆ ಕೇಳಿಸುವುದು ಬರಿಯ ಭಕ್ತಿಯ ಭ್ರಮೆಯಲ್ಲ. ಹಾಗೆ ಗಂಟೆಯನ್ನು ಹತ್ತಿರ ತರುವ ಬೆಳಗು ಎಂಜಿನ್ನಿನ ಸದ್ದನ್ನೂ ಹತ್ತಿರ ತರುತ್ತದೆ. ಅಂತೂ ಚಳಿಗಾಲದ ನಸುಕೆಂದರೆ ನೆರೆಮನೆ ನಮಗೆ ಅತ್ಯಂತ ಸಮೀಪ ಬರುವ ಹೊತ್ತು. ನಾವು ಮಾತ್ರ ಬಾಗಿಲು ಮುಚ್ಚಿ, ಕಿವಿಗೆ ಮಫ್ಲರ್ ಸುತ್ತಿ, ನಾವೊಬ್ಬರೇ ಇದ್ದೇವೆಂದು ತಿಳಿಯುವ ಹೊತ್ತೂ ಅದೇ.

ಇರಲಿ, ಗಾಡಿಗಾದರೂ ಆ ಹತ್ತು ನಿಮಿಷ ಬೇಕಿತ್ತೆ? ಹಿಂದಿನ ಕಾಲದ ಎಂಜಿನ್ನುಗಳಿಗೆ ಒಂದಿಷ್ಟು ಬೇಕಿದ್ದಿರಬಹುದು. ಈಗಿನ ಗಾಡಿಗಳಲ್ಲಿ ಇಂಧನವನ್ನು ಅಳೆದು ಒಳಬಿಡುವ ವ್ಯವಸ್ಥೆ ಇದೆ. ಚಾಲು ಮಾಡಿದ ಮೇಲೆ ಅರ್ಧ ನಿಮಿಷ ತಾಳಿ, ಮೊದಲ ಒಂದೆರಡು ಮೈಲು ನಿಧಾನವಾಗಿ ಹೊರಟರೆ ಸಾಕೆಂದು ಬಲ್ಲವರು ಹೇಳುತ್ತಾರೆ. ನಿಂತಲ್ಲಿಯೇ ಓಡುವ ಎಂಜಿನ್ನು ಬೇಗ ಬಿಸಿಯಾಗುವುದೂ ಇಲ್ಲ, ಇಂಧನವನ್ನು ಚೆನ್ನಾಗಿ ಉರಿಸುವುದೂ ಇಲ್ಲ. ಬಿಸಿಯಾಗುವ ಮೊದಲಿನ ಹೊಗೆಯೇ ಎಲ್ಲಕ್ಕಿಂತ ಕೆಟ್ಟದ್ದು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ನಿರ್ಣಯಿಸಿತು. ಮುಚ್ಚಿದ ಶೆಡ್ಡಿನಲ್ಲಿ ಗಾಡಿಯನ್ನು ಓಡಬಿಡುವುದಂತೂ ಪ್ರಾಣಕ್ಕೇ ಸಂಚಕಾರ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಿಗಿಯಿಂದ ಅಂಟಿಕೊಳ್ಳುತ್ತದೆ.

ಈ ವಿಚಾರಗಳು ತಲೆಯಲ್ಲಿ ಇದ್ದಾಗಲೇ ಒಂದು ಚಳಿಗಾಲವನ್ನು ಮಗಳ ಮನೆಯಲ್ಲಿ ಕಳೆಯುವ ಸಂದರ್ಭ ಬಂದಿತು. ಮಗಳು ಅಳಿಯ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಅಂಚಿನಲ್ಲಿ. ಕನ್ನಡದವನಿಗೆ ಅದು ತೀರ ಅಪರಿಚಿತ ನಾಡಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಹುಟ್ಟಿದ್ದು ಆ ಪ್ರಾಂತದಲ್ಲಿ, ನಿಘಂಟಿನ ಕಿಟ್ಟೆಲರು 1903ರಲ್ಲಿ ಕೊನೆಯುಸಿರೆಳೆದ ಟ್ಯೂಬಿಂಗನ್ ಅಲ್ಲಿಗೆ ಸಮೀಪ. ನನಗೆ ಇನ್ನೂ ಹತ್ತಿರವೆನ್ನಿಸಿದ್ದು ಊರು ಕುಳಿತ ರೀತಿ. ಸುತ್ತ ಗುಡ್ಡ, ನಡುವೆ ಬೋಗುಣಿಯಂಥ ತಗ್ಗು. ನಮ್ಮ ಸೀಮೆಯಂತೆ ಅಲ್ಲಿಯೂ ಚಳಿಗಾಲದಲ್ಲಿ ಗಾಳಿ ಅಲ್ಲಾಡದೆ ನಿಲ್ಲುತ್ತದೆ. 2016ರಿಂದ 2020ರವರೆಗೆ ಆ ನಗರದವರು, ಗಾಳಿ ಸ್ತಬ್ಧವಾಗುವ ದಿನಗಳಲ್ಲಿ ಸೂಕ್ಷ್ಮಧೂಳಿನ ಎಚ್ಚರಿಕೆಯನ್ನು ಸಾರಿ, ಕಾರುಗಳನ್ನು ಮನೆಯಲ್ಲೇ ಬಿಡಿರೆಂದೂ ಬರಿಯ ಸುಖಕ್ಕಾಗಿ ಕಟ್ಟಿಗೆಯ ಒಲೆ ಹೊತ್ತಿಸಬೇಡಿರೆಂದೂ ಕೇಳಿಕೊಳ್ಳುತ್ತಿದ್ದರು.

ಇನ್ನೊಂದು ಸ್ವಾರಸ್ಯವುಂಟು. ಪೆಟ್ರೋಲಿನಿಂದ ಓಡುವ ಹಗುರಾದ ಎಂಜಿನ್ನನ್ನು ಗಾಟ್ಲೀಬ್ ಡೈಮ್ಲರ್ ತನ್ನ ಸಂಗಡಿಗ ಮೈಬಾಕನೊಡನೆ ರೂಪಿಸಿದ್ದು ಇದೇ ಊರಿನ ಕಾನ್‌ಸ್ಟಾಟ್ ಭಾಗದಲ್ಲಿ, ತನ್ನ ತೋಟದ ಮನೆಯಲ್ಲಿ, 1880ರ ದಶಕದಲ್ಲಿ. ಒಳಗಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಲೋಹದ ಸದ್ದು ಕೇಳಿ ಸಂಶಯಗೊಂಡ ತೋಟಗಾರ, ಯಜಮಾನರು ಖೋಟಾ ನಾಣ್ಯ ಮಾಡುತ್ತಿದ್ದಾರೆಂದು ಪೊಲೀಸರಿಗೆ ಸುದ್ದಿ ಕೊಟ್ಟನೆಂಬ ಕತೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ. ಎಂಜಿನ್ನೂ ಅದರ ಸದ್ದಿನ ದೂರೂ ಒಡಹುಟ್ಟಿದವೆನ್ನಬಹುದು!

ಅಲ್ಲಿ ಡಿಸೆಂಬರಿನಲ್ಲಿ ಎಂಟು ಗಂಟೆಯಾದರೂ ಸೂರ್ಯನಿಲ್ಲ. ಬೀದಿಯಲ್ಲಿ ಸಾಲಾಗಿ ನಿಂತ ಕಾರುಗಳ ಗಾಜಿನ ಮೇಲೆ ಇಬ್ಬನಿಯಲ್ಲ, ಉಪ್ಪಿನ ಹೆಪ್ಪಿನಂಥ ಹಿಮ. ಅದನ್ನು ತೆಗೆಯದೆ ಹೊರಡುವಂತಿಲ್ಲ. ಒಳಗೆ ಕುಳಿತು ಎಂಜಿನ್ ಓಡಿಸಿ ಬಿಸಿಗಾಳಿ ಬಿಟ್ಟರೆ ಹಿಮ ತಾನೇ ಕರಗೀತು. ಆದರೆ ಗಾಡಿಯನ್ನು ನಿಲ್ಲಿಸಿಕೊಂಡು ಅನಗತ್ಯವಾಗಿ ಎಂಜಿನ್ ಓಡಿಸುವುದನ್ನು ಆ ದೇಶದ ರಸ್ತೆ ಸಂಚಾರದ ನಿಯಮ ನಿಷೇಧಿಸುತ್ತದೆ. ಆದಕಾರಣ ಕತ್ತಲಲ್ಲಿ ಹೊರಬಂದ ಜನ, ಅಂಗೈಯಗಲದ ಪ್ಲಾಸ್ಟಿಕ್ ಹಲಗೆಯಿಂದ ಗಾಜನ್ನು ಕೆರೆಯುತ್ತಾರೆ. ಮಾಳಿಗೆಯ ಮೇಲಿನ ಕಿಟಕಿಯಲ್ಲಿ ನಿಂತು ನಾನು ದಿನಾಲು ನೋಡುತ್ತಿದ್ದೆ: ಕರ್ ಕರ್ ಎಂಬ ಮೆಲ್ಲನೆಯ ಸದ್ದು, ಬಾಯಿಯಿಂದ ಉಸಿರಿನ ಹೊಗೆ, ಬಾಗಿಲನ್ನು ಕೈಯೊತ್ತಿ ಸದ್ದಿಲ್ಲದೆ ಮುಚ್ಚುವುದು, ಆಮೇಲೆ ಚಾಲು ಮಾಡಿ ಒಡನೆಯೇ ಹೊರಡುವುದು. ಮುಂದಾಲೋಚನೆಯುಳ್ಳವರು ರಾತ್ರಿಯೇ ಗಾಜಿಗೆ ರಟ್ಟೋ ಹೊದಿಕೆಯೋ ಮುಚ್ಚಿಡುತ್ತಿದ್ದರು.

ಇದನ್ನು ಹೇಳಿ, ಅಲ್ಲಿಯವರು ದೇವತೆಗಳು ನಾವು ಅಧಮರು ಎಂಬ ಹಾಡು ಹಾಡಲು ನಾನು ಹೊರಟಿಲ್ಲ. ಅಲ್ಲಿಯೂ ನಿಯಮ ಮೀರುವವರಿದ್ದಾರೆ; ಇಲ್ಲದಿದ್ದರೆ ನಿಯಮವೇಕೆ? ಸಣ್ಣ ಸದ್ದಿಗೂ ಮನೆಯ ಮಾಲಿಕರಿಗೆ ಪತ್ರ ಬರೆಯುವ ನೆರೆಯವರ ಕಾಟವನ್ನು ಮಗಳು ಬಣ್ಣಿಸಿದಾಗ, ನಮ್ಮ ದಾಕ್ಷಿಣ್ಯವೇ ಎಷ್ಟೋ ವಾಸಿಯೆನ್ನಿಸಿತು. ಆದರೆ ಅವಳು ಹೇಳಿದ ಇನ್ನೊಂದು ಸಂಗತಿ ಮನಸ್ಸಿನಲ್ಲಿ ಉಳಿಯಿತು. ಅವರು ಆ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ಅಳಿಯ, ಅರಿಯದೆ, ಎಂಜಿನ್ ಓಡಬಿಟ್ಟು ಒಳಗೆ ಬಂದು ಕಾಯುತ್ತಿದ್ದನಂತೆ. ಮೂರನೆಯ ದಿನ ಕೆಳಮನೆಯ ಮುದುಕಿ ಬಾಗಿಲು ಬಡಿದಳು. ಬೈಗುಳ ಬರುತ್ತದೆಂದು ಇವರು ಹೆದರಿದರು. ಆಕೆ ತನ್ನ ಹಳೆಯ ಹಿಮ ಕೆರೆಯುವ ಹಲಗೆಯನ್ನು ಅವನ ಕೈಗಿತ್ತು, “ನಾನೀಗ ಗಾಡಿ ಓಡಿಸುವುದಿಲ್ಲ, ಇದು ನಿಮಗಿರಲಿ. ನನ್ನ ಹಾಸಿಗೆ ಇರುವುದು ಆ ಕಿಟಕಿಯ ಒಳಗೆ” ಎಂದಷ್ಟೇ ಹೇಳಿ ಹೋದಳಂತೆ.

ನಾನು ಆ ರಾತ್ರಿ ಇದನ್ನೇ ಯೋಚಿಸಿದೆ. ದೂರುಪತ್ರ ಬರೆಯುವುದು ಒಂದು ಕೊನೆ. ವರ್ಷಾನುಗಟ್ಟಲೆ ಕಿಟಕಿ ಮುಚ್ಚಿಕೊಂಡು ಸುಮ್ಮನಿರುವುದು ಇನ್ನೊಂದು ಕೊನೆ. ಇವೆರಡರ ನಡುವೆ ಒಂದು ದಾರಿಯಿದೆ: ಇರುವುದನ್ನು ಮೆಲ್ಲಗೆ ಹೇಳುವುದು. ಹೇಳುವವರಿಗೆ ಧೈರ್ಯ ಸಾಲದಿದ್ದರೆ ಕೇಳುವವರೇ ಮೊದಲು ಕೇಳುವುದು. ಆ ಮುದುಕಿ ಆಡಿದ ಮಾತನ್ನು ನಮ್ಮ ದೊಡ್ಡವ್ವ ಆಡಲಾರದೆ ಹೋದರು. ಹಾಗೆ ಆಡಗೊಡದ ಎತ್ತರದಲ್ಲಿ ನಾನು ನಿಂತಿದ್ದೆ. ಇಳಿದು ಬಂದು ಕೇಳಬೇಕಾದವನು ನಾನೇ.

ನಮ್ಮ ಹಿಂದಿನವರಿಗೆ ಈ ತೊಡಕು ಇರಲಿಲ್ಲವೆ ಎಂದು ನೀವು ಕೇಳಬಹುದು. ಇತ್ತು, ಆದರೆ ಬೇರೆ ರೀತಿಯಲ್ಲಿತ್ತು. ನಾನು ಹುಡುಗನಾಗಿದ್ದಾಗ ನಮ್ಮ ಓಣಿಯಲ್ಲಿ ಕೋಳಿ ಕೂಗುವ ಹೊತ್ತಿಗೆ ಬೀಸುವ ಕಲ್ಲಿನ ಸದ್ದು ಏಳುತ್ತಿತ್ತು. ಗುಳೇದಗುಡ್ಡ, ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಕುಣಿಮಗ್ಗದ ಸಪ್ಪಳ. ಬಚ್ಚಲೊಲೆಯಲ್ಲಿ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು ಉರಿಯುತ್ತಿದ್ದವು. ಹಂಡೆಯ ನೀರು ಕಾಯುವಷ್ಟರಲ್ಲಿ ಓಣಿಯೆಲ್ಲ ಹೊಗೆ. ಆದರೆ ಆ ಸದ್ದು, ಆ ಹೊಗೆ ಎಲ್ಲರ ಮನೆಯದಾಗಿತ್ತು. ಬೆಂಕಿಪೆಟ್ಟಿಗೆಯನ್ನು ಉಳಿಸಲೆಂದು ನೆರೆಮನೆಯ ಒಲೆಯಿಂದ ಕುಳ್ಳಿನ ಮೇಲೆ ಕೆಂಡ ತರುತ್ತಿದ್ದ ಕಾಲದಲ್ಲಿ ನೆರೆಯವರ ಹೊಗೆಯನ್ನು ದೂರುವುದು ಹೇಗೆ? ಎಲ್ಲರೂ ಒಂದೇ ಹೊತ್ತಿಗೆ ಏಳುತ್ತಿದ್ದರು, ಒಂದೇ ಹೊತ್ತಿಗೆ ಮಲಗುತ್ತಿದ್ದರು. ಊರಿಗೆಲ್ಲ ಒಂದೇ ಬೆಳಗು.

ಈಗ ಮನೆಗೊಂದು ಬೆಳಗು. ನಮ್ಮ ಸಣ್ಣ ಓಣಿಯಲ್ಲಿಯೇ ರಾತ್ರಿ ಬಸ್ಸಿನ ಕಂಡಕ್ಟರರೊಬ್ಬರು ನಾಲ್ಕಕ್ಕೆ ಬಂದು ಮಲಗುತ್ತಾರೆ. ಆಸ್ಪತ್ರೆಯ ನರ್ಸಬಾಯಿ ಒಬ್ಬಳು ರಾತ್ರಿಪಾಳಿ ಮುಗಿಸಿ ಬರುತ್ತಾಳೆ. ಪರೀಕ್ಷೆಗೆ ಓದುವ ಹುಡುಗ ಎರಡರವರೆಗೆ ದೀಪ ಆರಿಸುವುದಿಲ್ಲ. ನನಗೆ ಬೆಳಗಾದಾಗ ಅವರಿಗೆ ನಡುರಾತ್ರಿ. ಹಿಂದೆ ರೂಢಿಯೇ ನಮ್ಮ ಪರವಾಗಿ ಯೋಚಿಸುತ್ತಿತ್ತು. ಈಗ ನಾವೇ ಯೋಚಿಸಬೇಕಾಗಿದೆ.

ಕಾಯಿದೆ ಇಲ್ಲವೆಂದಲ್ಲ. ಶಬ್ದಮಾಲಿನ್ಯವನ್ನು ಕುರಿತು ಕೇಂದ್ರ ಸರಕಾರ 2000ದಲ್ಲಿ ಮಾಡಿದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗಿನದು ರಾತ್ರಿಯ ಹೊತ್ತು. ವಸತಿ ಪ್ರದೇಶದಲ್ಲಿ ಆಗ ಸದ್ದು 45 ಡೆಸಿಬೆಲ್ ಮೀರಬಾರದು, ಹಗಲಿನಲ್ಲಿ 55. ತುರ್ತು ಸಂದರ್ಭದ ಹೊರತು ಆ ಹೊತ್ತಿನಲ್ಲಿ ಮನೆಗಳ ನಡುವೆ ಹಾರ್ನ್ ಬಾರಿಸಕೂಡದೆಂಬ ಮಾತೂ 2010ರಲ್ಲಿ ಸೇರಿತು. ಆದರೆ ನಸುಕಿನ ಐದೂವರೆಗೆ ಡೆಸಿಬೆಲ್ ಅಳೆಯಲು ನಮ್ಮ ಓಣಿಗೆ ಯಾರು ಬಂದಾರು? ಮೇಲಾಗಿ ಆರು ಹೊಡೆದೊಡನೆ ದೊಡ್ಡವ್ವನ ದಮ್ಮು ವಾಸಿಯಾಗುವುದೂ ಇಲ್ಲ. ಕಾಯಿದೆ ಬೇಲಿಯಿದ್ದಂತೆ, ಬೇಲಿಯ ಒಳಗೆ ಏನು ಬೆಳೆಯಬೇಕೆಂಬುದು ನಮ್ಮ ಕೆಲಸ.

ಮಾಡಬೇಕಾದದ್ದೇನೂ ಹೆಚ್ಚಿಲ್ಲ. ಗಾಡಿ ನಿಲ್ಲಿಸುವಾಗ ಅದರ ಹೊಗೆಯ ಕೊಳವೆ ಯಾರ ಕಿಟಕಿಯತ್ತ ಇದೆಯೆಂದು ಒಮ್ಮೆ ನೋಡುವುದು. ಗಾಜಿನ ಇಬ್ಬನಿಯನ್ನು ಬಟ್ಟೆಯಿಂದ ಒರೆಸಿ, ಸಾಮಾನುಗಳನ್ನಿಟ್ಟು, ಎಲ್ಲರೂ ಕುಳಿತ ಮೇಲೆ ಚಾಲು ಮಾಡಿ ಹೊರಟುಬಿಡುವುದು. ಮೋಟರ್ ಸೈಕಲ್ಲನ್ನು ಓಣಿಯ ತುದಿಯವರೆಗೆ ನೂಕಿಕೊಂಡು ಹೋಗುವುದು; ಅದರಿಂದ ಚಳಿಯೂ ಬಿಡುತ್ತದೆ. ಒಳಗಿದ್ದವರನ್ನು ಕರೆಯಲು ಹಾರ್ನ್ ಬಾರಿಸದೆ ಇಳಿದು ಹೋಗಿ ಬಾಗಿಲು ತಟ್ಟುವುದು. ಚಳಿ ಕಾಯಿಸಲು ಬೆಂಕಿ ಹಾಕಿದಾಗ ಅದಕ್ಕೆ ಹಳೆಯ ಟೈರನ್ನೂ ಪ್ಲಾಸ್ಟಿಕ್ಕನ್ನೂ ಒಡ್ಡದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಚಳಿಗಾಲ ಮೊದಲಾಗುವಾಗ ನೆರೆಮನೆಗೆ ಹೋಗಿ, “ನಮ್ಮ ಗಾಡಿಯಿಂದ ನಿಮಗ ಏನರೆ ತ್ರಾಸ ಐತೇನು?” ಎಂದು ಬಾಯಿಬಿಟ್ಟು ಕೇಳುವುದು. ಒಮ್ಮೆ ಕೇಳಿದರೆ ‘ಏನಿಲ್ಲ’ ಎನ್ನುತ್ತಾರೆ. ಎರಡನೆಯ ಸಲ ಕೇಳಬೇಕು.

ಜಾತ್ರೆಯ ತಿಂಗಳಲ್ಲಿ ಇಂಥ ಮಾತು ಶೋಭಿಸುವುದೆ ಎಂದು ಯಾರಾದರೂ ನಗಬಹುದು. ಬನಶಂಕರಿಯ ಜಾತ್ರೆಯಲ್ಲಿ ನಾಟಕ ಕಂಪನಿಗಳು ಬೆಳತನಕ ಆಡುತ್ತವೆ. ಟ್ರ್ಯಾಕ್ಟರುಗಳು, ಟಂಟಂಗಳು ರಾತ್ರಿಯಿಡೀ ಬರುತ್ತವೆ. ಅದನ್ನು ನಾವು ಸಹಿಸುವುದಷ್ಟೇ ಅಲ್ಲ, ವರ್ಷವಿಡೀ ಕಾಯುತ್ತೇವೆ. ಏಕೆಂದರೆ ಆ ಸದ್ದಿನಲ್ಲಿ ನಮ್ಮೆಲ್ಲರ ಪಾಲಿದೆ, ಅದಕ್ಕೊಂದು ಮುಗಿತಾಯವೂ ಇದೆ. ದಿನನಿತ್ಯ ನಸುಕಿನಲ್ಲಿ ನಾನೊಬ್ಬ ಎಬ್ಬಿಸುವ ಸದ್ದಿನಲ್ಲಿ ನೆರೆಯವರ ಪಾಲೆಂದರೆ ಎಚ್ಚರವಾಗುವುದೊಂದೇ.

‘ನೆರೆ’ ಎಂಬ ನಮ್ಮ ಮಾತಿಗೆ ಪಕ್ಕದ ಮನೆಯೆಂಬ ಅರ್ಥವೂ ಉಂಟು, ಹೊಳೆಯ ಮಹಾಪೂರವೆಂಬ ಅರ್ಥವೂ ಉಂಟು. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ದಂಡೆ ಮೀರಿ ಹರಿದಾಗ ಈ ಎರಡು ಅರ್ಥಗಳು ಒಂದಾದುದನ್ನು ನಮ್ಮ ಸೀಮೆ ಕಂಡಿದೆ. ಪಟ್ಟದಕಲ್ಲಿನ ಗುಡಿಗಳೊಳಗೆ ನೀರು ನಿಂತ ಆ ದಿನಗಳಲ್ಲಿ, ಗುರುತು ಪರಿಚಯ ಕೇಳದೆ ಜನ ಜನರನ್ನು ಒಳಗೆ ಕರೆದುಕೊಂಡರು; ಊರೂರುಗಳಿಂದ ರೊಟ್ಟಿ ಚಟ್ನಿಯ ಗಂಟುಗಳು ಬಂದವು. ದೊಡ್ಡ ಆಪತ್ತಿಗೆ ನಾವು ಒಳ್ಳೆಯ ನೆರೆಯವರು, ಇದರಲ್ಲಿ ಸಂದೇಹವಿಲ್ಲ. ಆದರೆ ಮಹಾಪೂರ ಹತ್ತು ವರ್ಷಕ್ಕೊಮ್ಮೆ ಬರುತ್ತದೆ, ಬೆಳಗು ದಿನಾಲು ಬರುತ್ತದೆ.

ದೊಡ್ಡವ್ವ ಈಗಲೂ ಆ ಕಿಟಕಿಯಲ್ಲಿ ಕೂಡುತ್ತಾರೆ. ನಾನು ಒಮ್ಮೆ ಹೋಗಿ, ತಪ್ಪಾಯಿತೆಂದು ಹೇಳಿದೆ. ಅವರಿಗೆ ಕಿವಿ ಮಂದ. ನಾನೇನು ಹೇಳಿದೆನೆಂದು ತಿಳಿಯಿತೋ ಇಲ್ಲವೋ. “ಕುಂದರ್ರಿ ಮಾಸ್ತರ, ಬಿಸಿಲ ಚಲೋ ಐತಿ” ಎಂದು ಮಂಚದ ಅಂಚನ್ನು ತೋರಿಸಿದರು. ಕುಳಿತೆ. ಬಿಸಿಲು ನಿಜಕ್ಕೂ ಚೆನ್ನಾಗಿತ್ತು.